ಹೆಪ್ಪು ಹಾಕಿದ ಬಟ್ಟಲು

ಆ ವರ್ಷ ಭೂಮಿಗೆ ಅದೇನಾಗಿತ್ತೋ, ಲೋಕದ ಯಾವುದಾದರೊಂದು ಮೂಲೆಯಲ್ಲಿ ನಡುಗದೆ ಒಂದು ದಿನ ಕಳೆದದ್ದಿಲ್ಲ. ನಮ್ಮೂರಲ್ಲಿ ಮಾತ್ರ ಒಂದು ಕಲ್ಲೂ ಜರುಗಲಿಲ್ಲ. ನಮ್ಮೂರಲ್ಲಿ ಭೂಕಂಪ ಆಗುವುದಿಲ್ಲ, ಬರೀ ತಿಳಿಯುತ್ತದೆ. ಪ್ರತಿ ಮನೆಯ ಕಿಟಕಿಯಲ್ಲೂ ಅಂಚಿನತನಕ ನೀರು ತುಂಬಿದ ಒಂದು ಕಂಚಿನ ಬಟ್ಟಲು ಇರುತ್ತದೆ. ಎಲ್ಲಿಯೇ ನೆಲ ನಡುಗುವುದಿರಲಿ, ಸರಿಯಾಗಿ ಒಂದು ದಿನ ಮೊದಲು ನಮ್ಮೂರಿನ ಯಾವುದೋ ಒಂದು ಮನೆಯ ಬಟ್ಟಲಿನಲ್ಲಿ ನೀರು ತುಳುಕುತ್ತದೆ. ಒಂದು ಕಂಪಕ್ಕೆ ಒಂದೇ ಮನೆ. ಆ ಮನೆಯವರು ಮುದುಕರು, ಮಕ್ಕಳು, ಮಲಗಿದವರು ಎನ್ನದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು, ಮರುದಿನ ಅದೇ ಹೊತ್ತು ಕಳೆಯುವತನಕ ಬಯಲಿನಲ್ಲಿ ಇರಬೇಕು. ನಾವು ಇಲ್ಲಿ ಹೊರಗೆ ಬಂದರೆ ಅಲ್ಲಿ, ನಾವು ಕಾಣದ ಊರಿನಲ್ಲಿ, ಯಾರಿಗೋ ಸುಮ್ಮಸುಮ್ಮನೆ ಹೊರಗೆ ಬರಬೇಕು ಅನ್ನಿಸುತ್ತದೆ. ದನಕ್ಕೆ ನೀರು ತೋರಿಸಲೋ, ಒಣಹಾಕಿದ ಬಟ್ಟೆ ತೆಗೆಯಲೋ ಎದ್ದು ಬರುತ್ತಾರೆ, ಉಳಿಯುತ್ತಾರೆ. ಇದು ಖರೆಯೋ ಸುಳ್ಳೋ ಎಂದು ಯಾರೂ ಹೋಗಿ ನೋಡಿಕೊಂಡು ಬಂದಿರಲಿಲ್ಲ. ಆದರೂ ನಮ್ಮ ಹಿರಿಯರು ಬರುತ್ತಿದ್ದರು, ನಾವೂ ಬರುತ್ತಿದ್ದೆವು.

ಮಗ್ಗುಲ ಮನೆಯ ಕಲ್ಲಯ್ಯ ಮಾಸ್ತರರ ಹತ್ತಿರ ಅವರ ತಂದೆಯ ಕಾಲದ ರೇಡಿಯೊ ಇತ್ತು. ಬಟ್ಟಲು ತುಳುಕಿದ ಮರುದಿನ ಸಂಜೆಯ ವಾರ್ತೆಯಲ್ಲಿ ಯಾವ ದೇಶದ ಹೆಸರು ಬಂತೋ ಅದು ಆ ಮನೆಗೆ ಅಂಟಿಕೊಳ್ಳುತ್ತಿತ್ತು. ನಮ್ಮಪ್ಪನ ಕಾಲದಿಂದ ನಾವು ಚಿಲಿಯವರು. ಎದುರುಮನೆಯವರು ಜಪಾನಿನವರು. ಕೆಳಗಿನ ಓಣಿಯ ಟರ್ಕಿಯವರ ಮಗಳನ್ನು ಪೆರುವಿನವರ ಮನೆಗೆ ಕೊಟ್ಟಾಗ, ಇಷ್ಟು ದೂರದ ಸಂಬಂಧ ಯಾಕೆ ಬೆಳೆಸಿದಿರಿ ಎಂದು ಊರೆಲ್ಲ ಚೇಷ್ಟೆ ಮಾಡಿತ್ತು. ಒಂದು ಮನೆಗೆ ಐದಾರು ವರ್ಷಕ್ಕೊಮ್ಮೆ ಪಾಳಿ ಬಂದರೆ ಹೆಚ್ಚು. ಹೊರಗೆ ಬಂದವರಿಗೆ ಓಣಿಯವರು ರೊಟ್ಟಿ, ಪಲ್ಯ ತಂದುಕೊಡುತ್ತಿದ್ದರು, ಹಾಸಿಗೆ ಹೊತ್ತು ತರುತ್ತಿದ್ದರು. ಬಟ್ಟಲು ತುಳುಕಿದ್ದು ಮಕ್ಕಳಿಗಂತೂ ಹಬ್ಬ.

ಆ ವರ್ಷ ಹಬ್ಬ ಅತಿಯಾಯಿತು. ಯುಗಾದಿಯಿಂದ ಕಾರಹುಣ್ಣಿಮೆಯ ಒಳಗೆ ನಮ್ಮ ಮನೆ ಒಂದೇ ನಾಲ್ಕು ಸಲ ಹೊರಗೆ ಬಂತು. ಮನೆಗಳ ಅಡ್ಡಹೆಸರು ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ತಿಳಿಯದೆ ಜನ ಹೆಸರು ಕರೆಯುವುದನ್ನೇ ಬಿಟ್ಟರು. ಬಿತ್ತಲು ಹೋದವನನ್ನು ಹೊಲದಿಂದ ಕರೆಸುವುದು, ಒಲೆಯ ಮೇಲಿನ ಎಸರನ್ನು ಹಾಗೇ ಇಳಿಸುವುದು, ಬಾಣಂತಿಯನ್ನು ಬಿಸಿಲಿಗೆ ತರುವುದು. ರೊಟ್ಟಿ ತಂದುಕೊಡುವವರೇ ಬಯಲಿನಲ್ಲಿ ಕೂತಿದ್ದರೆ ಕೂತವರಿಗೆ ತಂದುಕೊಡುವವರು ಯಾರು? ಜನ ನಿದ್ದೆಗೆಟ್ಟು ಒಬ್ಬರ ಮೇಲೊಬ್ಬರು ಹರಿಹಾಯತೊಡಗಿದರು. ಕಿಟಕಿಯ ಹತ್ತಿರ ಹಾಯುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದರು.

ನಾನು ಗೌಂಡಿ. ಹೆಸರು ದುರಗಪ್ಪ. ಊರಿನ ಅರ್ಧ ಗೋಡೆಗಳು ನನ್ನ ಕೈಯಿಂದ ಎದ್ದವು. ಕಲ್ಲು ಮಣ್ಣಿನ ಗೋಡೆ, ಮೇಲೆ ಮೊಳದಷ್ಟು ದಪ್ಪ ಮಣ್ಣು ಹೊತ್ತ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ನಡುಗಿದರೆ ಇದರ ಗತಿ ಏನು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಡುಗುವುದು ಬೇರೆಯವರ ನೆಲ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವನು ನಾನು. ನಾಲ್ಕನೆಯ ಸಲ ಬಟ್ಟಲು ತುಳುಕಿದಾಗ ಹಾಸಿಗೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು ಅವಸರದಲ್ಲಿ ಇಳಿಯುತ್ತ, ನಾನೇ ಕಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡೆ. ಗೌಂಡಿಗೆ ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಇಲ್ಲ.

ಎಲುಬು ಕೂಡಿಸುವ ಹುಸೇನಸಾಬ ಬಂದು, ತತ್ತಿಯ ಲೋಳೆಯಲ್ಲಿ ಅದ್ದಿದ ಅರಿವೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದ. ಕಟ್ಟಿದ ಮೇಲೆ ನನ್ನ ಹೆಂಡತಿ ಹುಲಿಗೆವ್ವನ ಕಡೆ ತಿರುಗಿ, "ಯವ್ವಾ, ಎರಡ ತಿಂಗಳ ಈ ಮಂಚ ಇದ್ದಲ್ಲೇ ಇರಬೇಕು. ಹೊರಗ ಒಳಗ ಅಂತ ಎತ್ಯಾಡಿದ್ರ ಎಲುಬು ಜರೀತೈತಿ. ಆಮ್ಯಾಲ ನಿನ್ನ ಗಂಡ ಏಣಿ ಹತ್ತೂದು ಒತ್ತಟ್ಟಿಗಿರಲಿ, ಕೋಲು ಇಲ್ಲದ ನಡಿಯಂಗಿಲ್ಲ" ಎಂದ.

"ಬಟ್ಟಲ ತುಳುಕಿದ್ರ ಏನ ಮಾಡೂಣು?" ಎಂದು ಹುಲಿಗೆವ್ವ ಕೇಳಿದಳು.

ಹುಸೇನಸಾಬ ಕಿಟಕಿಯನ್ನು ನೋಡಿದ, ನನ್ನನ್ನು ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ನನ್ನ ಮಂಚದಿಂದ ಬಟ್ಟಲು ಕಾಣುತ್ತಿರಲಿಲ್ಲ. ಕಿಟಕಿ ತಲೆಯ ಹಿಂದೆ ಇತ್ತು. ಆದರೆ ಬೆಳಗಿನ ಬಿಸಿಲು ನೀರಿಗೆ ಬಿದ್ದು ಅದರ ಬೆಳಕು ಜಂತಿಯ ಮೇಲೆ ರೊಟ್ಟಿಯಷ್ಟಗಲ ಆಡುತ್ತಿತ್ತು. ಅಂಗಾತ ಬಿದ್ದವನಿಗೆ ಬೇರೆ ಕೆಲಸವೇನು? ಮಧ್ಯಾಹ್ನದತನಕ ಅದನ್ನೇ ನೋಡುವುದು. ಗಾಳಿಗೆ ಅದು ಅದುರಿದರೂ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಕಾಲು ಹೋದರೆ ನಾನು ಯಾರು? ಕರಣಿ ಹಿಡಿಯದ ಗೌಂಡಿಯನ್ನು ಯಾರು ಮಾತನಾಡಿಸುತ್ತಾರೆ? ದೇವರೇ, ಇನ್ನೊಬ್ಬರ ಮನೆಯದು ತುಳುಕಲಿ, ನಮ್ಮದು ಬೇಡ ಎಂದು ಬೇಡಿಕೊಳ್ಳುತ್ತಿದ್ದೆ. ಇಂಥ ಪ್ರಾರ್ಥನೆ ಮಾಡಿದೆನೆಂದು ಹೇಳಲು ಈಗಲೂ ಬಾಯಿ ಬರುವುದಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಜಂತಿಯ ಮೇಲೆ ಬೆಳಕು ಇರಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹುಲಿಗೆವ್ವ ನನ್ನ ಮುಖ ನೋಡದೆ ಕಸ ಗುಡಿಸುತ್ತಿದ್ದಳು.

"ಇವತ್ತ ಮೋಡ ಮುಸುಕೇತಲ್ಲ" ಎಂದೆ.

"ಹೌದರಿ" ಎಂದಳು.

ಅಂದು ಮಧ್ಯಾಹ್ನ ಊಟಕ್ಕೆ ಗಟ್ಟಿ ಮೊಸರು ಬಂತು. ಚಾಕುವಿನಿಂದ ಕೊಯ್ಯಬೇಕು, ಅಂಥ ಮೊಸರು. ನಮ್ಮ ಮನೆಯಲ್ಲಿ ಮೊಸರಿಗೆ ಮಣ್ಣಿನ ಗಡಿಗೆ. ಇದಕ್ಕೆ ಮಾತ್ರ ಕಂಚಿನ ವಾಸನೆ ಇತ್ತು. ನನಗೆ ಎಲ್ಲಾ ತಿಳಿಯಿತು. ರಾತ್ರಿ ಮಲಗುವ ಮುಂಚೆ ಬಟ್ಟಲಿನ ನೀರು ಚೆಲ್ಲಿ, ಹಾಲು ಹಾಕಿ ಹೆಪ್ಪು ಇಟ್ಟಿದ್ದಳು. ಹೆಪ್ಪುಗಟ್ಟಿದ ಮೊಸರು ತುಳುಕುವುದಿಲ್ಲ. ತುಳುಕದಿದ್ದರೆ ನೋಡಿದೆನೆಂದು ಹೇಳುವ ಹಾಗಿಲ್ಲ, ನೋಡದಿದ್ದರೆ ಹೊರಗೆ ಬರುವ ಪ್ರಶ್ನೆಯಿಲ್ಲ. ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ನನ್ನ ಕಾಲಿಗಾಗಿ ಅವಳು ಇದನ್ನು ಹುಡುಕಿದ್ದಳು. ನಾನು ರೊಟ್ಟಿ ಮುರಿದು ಮೊಸರಿನಲ್ಲಿ ಅದ್ದಿ ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ.

ಹೀಗೆ ಮೂರು ವಾರ ನಡೆಯಿತು. ಊರಿನಲ್ಲೂ ಸಮಾಧಾನ ಕಾಣಿಸಿತು. ಬಯಲಿನಲ್ಲಿ ಒಂದು ಸಂಸಾರವೂ ಇಲ್ಲ, ಎಲ್ಲರೂ ಮನೆಯೊಳಗೆ ಮಲಗುತ್ತಿದ್ದಾರೆ ಎಂದು ಕಂಡವರೆಲ್ಲ ಹೇಳಿದರು. "ಭೂಮಿತಾಯಿ ಸಿಟ್ಟು ಇಳಿದೇತಿ" ಎಂದು ಮಾತನಾಡಿಸಲು ಬಂದವರು ಹೇಳುತ್ತಿದ್ದರು. ಗೋಡೆಯ ಆಚೆ ಮಾಸ್ತರರ ರೇಡಿಯೊ ಮಾತ್ರ ಬೇರೆ ಹೇಳುತ್ತಿತ್ತು. ಒಂದು ಸಂಜೆ ದ್ವೀಪ, ಒಂದು ಸಂಜೆ ಗುಡ್ಡಗಾಡು. ಅಷ್ಟು ಕಂಪಗಳು ನಮ್ಮೂರಿನ ಯಾವ ಬಟ್ಟಲಿಗೂ ತಿಳಿಯದೆ ಹೇಗೆ ಹೋದವು? ಈ ಪ್ರಶ್ನೆ ನನ್ನ ತಲೆಗೆ ಬರುತ್ತಿತ್ತು. ಅದನ್ನು ನಾನು ಕೂರಗೊಡುತ್ತಿರಲಿಲ್ಲ.

ಹಾಲು ಹಾಕುವ ಗೌಳಿಗರ ತುಳಜವ್ವ ದಿನಾ ಬಾಗಿಲಲ್ಲಿ ನಿಂತು ನನ್ನನ್ನು ಮಾತನಾಡಿಸಿಯೇ ಹೋಗುವವಳು. "ಏನೋ ದುರಗಪ್ಪಣ್ಣ, ನಮ್ಮೂರ ಮಂದಿಗೆ ಒಮ್ಮಿಗಲೇ ಹಾಲಿನ ಹುಚ್ಚು ಹಿಡದೇತಲ್ಲ! ಯಾರ ಮನಿಗೆ ಹೋಗು, ಅರ್ಧ ಸೇರು ಹೆಚ್ಚಿಗಿ ಹಾಕು ಅಂತಾರ. ನನ್ನ ಎಮ್ಮಿ ಏನ ಕಾಮಧೇನು ಏನ?" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಕಿವಿಗೆ ಬಿದ್ದ ಮಾತು ತಲೆಯತನಕ ಹೋಗಲಿಲ್ಲ. ಮಂಚದ ಮೇಲಿದ್ದವನಿಗೆ ಕಾಲೇ ದೊಡ್ಡದಾಗಿ ಕಾಣುತ್ತದೆ, ಉಳಿದದ್ದೆಲ್ಲ ಸಣ್ಣದು.

ಒಂದು ದಿನ ತಟ್ಟೆಯಲ್ಲಿ ಮೊಸರು ಒಡೆದು ನೀರು ಬಿಟ್ಟಿತ್ತು. ತುಂಡುತುಂಡಾಗಿ ಹಸಿರು ನೀರಿನಲ್ಲಿ ತೇಲುತ್ತಿತ್ತು. "ಯಾಕ ಹಿಂಗ?" ಎಂದೆ. "ತುಳಜವ್ವ ಹಾಲಿಗೆ ನೀರು ಹಾಕಾಕತ್ತಾಳ" ಎಂದಳು ಹುಲಿಗೆವ್ವ. ನಾನು ಹೌದೆಂದು ನಂಬಿದೆ. ನಂಬಲು ಎಷ್ಟು ಬೇಗ ತಯಾರಾದೆನೆಂದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮರುದಿನ ಸಂಜೆ ಗೋಡೆಯ ಆಚೆಯಿಂದ ವಾರ್ತೆ ಕೇಳಿತು. ಎಲ್ಲೋ ಒಂದು ಗುಡ್ಡದ ಊರು. ಮುಂಜಾನೆ ಶಾಲೆ ನಡೆಯುತ್ತಿದ್ದಾಗ ಗೋಡೆ ಕುಸಿದಿದೆ. ಒಂದು ತರಗತಿಯ ಮಕ್ಕಳು ಯಾರೂ ಹೊರಗೆ ಬರಲಿಲ್ಲ.

ಹುಲಿಗೆವ್ವ ಜೋಳದ ಹಿಟ್ಟು ನಾದುತ್ತಿದ್ದವಳು ನಿಲ್ಲಿಸಿದಳು. ಕೈ ಹಿಟ್ಟಿನಲ್ಲೇ ಇತ್ತು.  ನಾನು ಜಂತಿ ನೋಡಿದೆ.  ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ. ಮರುದಿನ ಅವಳು ಮತ್ತೆ ಬಟ್ಟಲಿಗೆ ಹೆಪ್ಪು ಹಾಕಿದಳು. ಬೇಡ ಎಂದು ನಾನು ಹೇಳಬಹುದಾಗಿತ್ತು. ನಾನು ಹೇಳಲಿಲ್ಲ.

ಅದಾಗಿ ಆರು ದಿನಕ್ಕೆ ಊಟದ ತಟ್ಟೆಯಲ್ಲಿ ಮೊಸರೇ ಬರಲಿಲ್ಲ. ಸಾರು ಇತ್ತು, ಹಿಂಡಿ ಚಟ್ನಿ ಇತ್ತು.

"ಮೊಸರೆಲ್ಲಿ?" ಎಂದೆ.

"ಹೆಪ್ಪ ಕೂಡಲಿಲ್ಲ."

"ಬಟ್ಟಲ ತಗೊಂಡ ಬಾ."

"ಯಾವ ಬಟ್ಟಲ?"

"ಹುಲಿಗೆವ್ವಾ" ಎಂದೆ, "ನಾಕ ವಾರದಿಂದ ನಾ ಯಾವ ಬಟ್ಟಲಿನ ಮೊಸರು ಉಣ್ಣಾಕತ್ತೀನಿ ನನಗ ಗೊತ್ತೈತಿ. ತಗೊಂಡ ಬಾ."

ಅವಳು ತಂದಳು. ಸೆರಗಿನಿಂದ ಮುಚ್ಚಿಕೊಂಡು ತಂದಳು. ಮೊಸರು ನಡುವೆ ಸೀಳಿ, ಸೀಳಿನಿಂದ ಸೀಳು ಹೊಡೆದು, ಒಣಗಿದ ಕೆರೆಯ ತಳದ ಹಾಗೆ ಬಿರಿದಿತ್ತು. ಹೋದ ಸಲದ್ದಕ್ಕಿಂತ ಜೋರು. ನೀರು ಅಂಚು ದಾಟಿ ಕಿಟಕಿಯ ಕಟ್ಟೆಯ ಮೇಲೂ ಹರಿದಿತ್ತಂತೆ. ಬೆಳಿಗ್ಗೆ ಹಾಲು ಹಾಕಿಸಿಕೊಂಡು ಒಳಗೆ ಬಂದಾಗಲೇ ನೋಡಿದೆ ಎಂದಳು. ಅಂದರೆ ನಾಳೆ ಹಾಲಿನ ಹೊತ್ತಿಗೆ.

"ಮಂಚ ಹೊರಗ ಹಾಕಸು" ಎಂದೆ.

"ಆಗಂಗಿಲ್ಲ. ಇನ್ನ ಇಪ್ಪತ್ತ ದಿನ ಐತಿ. ಕಾಲು ಹೋಗತೈತಿ ನಿಮ್ದು."

"ಹೋಗಲಿ."

"ಹೋಗಲಿ ಅಂದ್ರ? ಕೋಲ ಹಿಡಕೊಂಡ ಮೂಲ್ಯಾಗ ಕುಂತ ನನ್ನ ಮ್ಯಾಲ ಸಿಟ್ಟ ತೀರಿಸಿಕೊಳ್ಳೂದನ್ನ ದಿನಾ ನೋಡಬೇಕೇನ ನಾನು?" ಅವಳು ಅಳುತ್ತಿದ್ದಳು. "ಎಲ್ಲ್ಯರ ಯಾರರ ಸತ್ರ ನಾ ಏನ ಮಾಡ್ಲಿ? ಅವರು ಕಣ್ಣಿಗೆ ಕಾಣಂಗಿಲ್ಲ. ನೀವು ಕಾಣ್ತೀರಿ. ನಾ ನೋಡೇ ಇಲ್ಲ ಅಂತ ತಿಳೀರಿ. ನೀವೂ ನೋಡಿಲ್ಲ."

"ಆ ಸಾಲಿ ಹುಡುಗ್ರನ್ನ ನೋಡಿಲ್ಲ ಅಂತ ತಿಳಕೊಂಡು ಆರ ದಿನ ಆತು. ನಿನಗ ತಿಳಕೊಳ್ಳಾಕ ಆತೇನ?"

 ನನಗೆ ಧೈರ್ಯವೇನೂ ಉಕ್ಕಿ ಬಂದಿರಲಿಲ್ಲ.  ಇನ್ನೊಂದು ಗಳಿಗೆ ತಡೆದರೆ ಅವಳ ಮಾತೇ ಸರಿ ಎನ್ನಿಸಿಬಿಡುತ್ತದೆ ಎಂದು ಅವಸರ ಮಾಡಿದೆ. ಮಂಚ ಎತ್ತಲು ನಾಲ್ಕು ಜನ ಬೇಕು. ನಾಲ್ಕು ಜನರನ್ನು ಕರೆದರೆ ಮೊಸರಿನ ಸಂಗತಿ ಊರಿಗೆ ಗೊತ್ತಾಗುತ್ತದೆ. ಶಾಲೆಯ ಗೋಡೆ ಬಿದ್ದದ್ದು ಚಿಲಿಯವರ ಮನೆಯಿಂದ ಎಂದು ಊರು ನಮ್ಮ ಮುಖಕ್ಕೆ ಉಗುಳುತ್ತದೆ. ಹುಲಿಗೆವ್ವ ಕಣ್ಣು ಒರೆಸಿಕೊಂಡು, ಬಟ್ಟಲನ್ನು ಮಂಚದ ಹತ್ತಿರ ಇಟ್ಟು, ಮಾಸ್ತರರನ್ನು ಕರೆಯಲು ಎದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ತುಳಜವ್ವನ ಗಂಟಲು ಕೇಳಿತು.

"ಹುಲಿಗೆವ್ವಕ್ಕ, ಹೊರಗ ಬಾ! ನಾ ಒಳಗ ಬರಂಗಿಲ್ಲ, ಬೆಳಿಗ್ಗೆ ನಮ್ಮ ಬಟ್ಟಲ ತುಳುಕೇತಿ. ಹುಡುಗ್ರನ್ನ, ಎಮ್ಮಿನ ಎಲ್ಲಾ ಬಯಲಾಗ ಬಿಟ್ಟ ಬಂದೀನಿ. ನೀನೂ ಹೇಳಿಬಿಡು ಒಮ್ಮಿ. ನಾ ಹಾಲಿಗೆ ನೀರು ಹಾಕ್ತೀನೇನ?"

"ಯಾರಂದ್ರು?" ಎಂದಳು ಹುಲಿಗೆವ್ವ.

"ಯಾರಂದ್ರು ಅಂತೀ? ಯಾರ ಅನ್ನಲಿಲ್ಲ ಕೇಳು! ಮಾಸ್ತರ ಮನಿಯಾಗ ಅಂದ್ರು. ಎದುರ ಮನಿಯಾಗ ಅಂದ್ರು. ಕೆಳಗಿನ ಓಣಿಯಾಗ ಹೆಂಗಸರು ಗುಂಪ ಕಟ್ಟಿ ನಿಂತು ಅಂದ್ರು. ಇವತ್ತ ಒಬ್ಬರ ಮನ್ಯಾಗೂ ಮೊಸರು ನೆಟ್ಟಗಿಲ್ಲಂತ. ಎಲ್ಲಾರ್ದೂ ಒಡದೇತಂತ. ಇಡೀ ಊರಿಗೆ ನೀರು ಹಾಕಾಕ ನನ್ನ ಹಂತ್ಯಾಕ ಬಾವಿ ಐತೇನ?"

ನಾನು ಮಂಚದ ಮೇಲಿನಿಂದಲೇ ಕೂಗಿದೆ. "ತುಳಜವ್ವ, ನಿನ್ನ ಬಟ್ಟಲಾಗ ಏನಿತ್ತು?"

"ಬಟ್ಟಲಾಗ ಏನಿರತೈತೋ? ನೀರು!"

 ನಾಲ್ಕು ವಾರ ಬಯಲು ಯಾಕೆ ಖಾಲಿ ಇತ್ತು, ಅರ್ಧ ಸೇರು ಹಾಲು ಎಲ್ಲಿ ಹೋಗುತ್ತಿತ್ತು, ಎಲ್ಲಾ ಒಮ್ಮೆಗೇ ತಿಳಿಯಿತು. ಊರಿನ ಪ್ರತಿಯೊಂದು ಮನೆಯೂ ತನ್ನದೊಂದೇ ಮನೆ ಎಂದುಕೊಂಡು ಬಟ್ಟಲಿಗೆ ಹೆಪ್ಪು ಹಾಕಿತ್ತು. ಒಬ್ಬರಿಗೆ ಬಾಣಂತಿ ಮಗಳು, ಒಬ್ಬರಿಗೆ ಬಿತ್ತನೆ, ಒಬ್ಬರಿಗೆ ಬರೀ ನಿದ್ದೆ. ಇವತ್ತು ಪ್ರತಿಯೊಂದು ಮನೆಯೂ ಒಡೆದ ಮೊಸರನ್ನು ಮುಚ್ಚಿಟ್ಟು ಹಾಲಿನವಳನ್ನು ಬೈಯುತ್ತ ಕೂತಿತ್ತು. ಆದರೆ ಒಂದು ಕಂಪಕ್ಕೆ ಒಂದೇ ಬಟ್ಟಲು. ಎಲ್ಲಾ ಬಟ್ಟಲೂ ಎಂದರೆ ಅದು ಎಲ್ಲಿಯ ಕಂಪ?

ಹುಲಿಗೆವ್ವ ನನ್ನ ಮುಖ ನೋಡಿದಳು. ನಾನು ಮಾಳಿಗೆ ನೋಡಿದೆ. ನಾನೇ ಹೊರಿಸಿದ ಮೊಳದಷ್ಟು ದಪ್ಪ ಮಣ್ಣು. ಆಮೇಲೆ ಅವಳು ಏನು ಮಾಡಿದಳೆಂದರೆ, ಆ ಒಡೆದ ಬಟ್ಟಲನ್ನು ಎತ್ತಿಕೊಂಡು ಓಣಿಯ ನಡುವೆ ಹೋಗಿ ನಿಂತಳು. ಮುಚ್ಚಿಕೊಳ್ಳಲಿಲ್ಲ. "ನೋಡ್ರಿ!" ಎಂದು ಕೂಗಿದಳು. "ನಾ ಹೆಪ್ಪು ಹಾಕಿದ್ದೆ! ನನ್ನ ಗಂಡನ ಕಾಲಿನ ಸಲುವಾಗಿ ಹಾಕಿದ್ದೆ! ಸಾಲಿ ಹುಡುಗ್ರ ಪಾಪ ನನಗಿರಲಿ! ಇವತ್ತ ಒಡದೇತಿ! ನಿಮ್ಮವೂ ಒಡದಾವು! ತರ್ರಿ ಹೊರಗ!"

ಬಾಗಿಲಿನಿಂದ ನನಗೆ ಓಣಿಯ ಒಂದು ತುಂಡು ಕಾಣುತ್ತಿತ್ತು. ಮೊದಲು ಬಂದವರು ಕಲ್ಲಯ್ಯ ಮಾಸ್ತರರು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದವರು. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ತಲೆ ತಗ್ಗಿಸಿ ಬಂದರು. "ನಂದೂ ಐತವ್ವ" ಎಂದರು. "ಆ ದ್ವೀಪದ ಸುದ್ದಿ ಬಂದ ಹಿಂದಿನ ದಿನಾನೂ ಒಡದಿತ್ತು. ಆ ಪಾಪ ನಂದು." ಎದುರುಮನೆಯವರು ಬಂದರು. ಹುಸೇನಸಾಬನೂ ಒಂದು ಬಟ್ಟಲು ಹಿಡಿದುಕೊಂಡು ಬಂದ. ಆಮೇಲೆ ಎಣಿಸಲು ಆಗಲಿಲ್ಲ. ಒಬ್ಬರ ಬಟ್ಟಲಲ್ಲಿ ಒಬ್ಬರು ಇಣುಕಿ ನೋಡುತ್ತಿದ್ದರು. ಬೈದವರಿಲ್ಲ, ಉಗುಳಿದವರಿಲ್ಲ. ತುಳಜವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ನೀರು ಹಾಕಿದಾಕಿ ನಾನಂತ!" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು.

"ಹಂಗಾರ ಈ ಸಲ ಎಲ್ಲೈತಿ?" ಎಂದು ಯಾರೋ ಕೇಳಿದರು.  ನಾನು ಒಳಗಿನಿಂದ ಹೇಳಿದೆ. "ಇಲ್ಲೇ. ನನ್ನ ಗ್ವಾಡಿ ಒಂದೂ ತಡಿಯಂಗಿಲ್ಲ. ಕಟ್ಟಿದಾಂವ ನಾನು, ನನಗ ಗೊತ್ತು. ಹೊರಗ ಹೋಗ್ರಿ."

ಊರನ್ನು ಖಾಲಿ ಮಾಡಲು ಕತ್ತಲಾಗುವತನಕ ಹಿಡಿಯಿತು. ಕೆರೆಯ ಹಿಂದಿನ ಬಯಲಿಗೆ ಮುದುಕರನ್ನು ಹೊತ್ತರು, ದನಗಳನ್ನು ಹೊಡೆದರು, ಬಾಣಂತಿಯರಿಗೆ ಕಂಬಳಿಯ ಮರೆ ಕಟ್ಟಿದರು. ನನ್ನ ಮಂಚವನ್ನು ಹುಸೇನಸಾಬನೂ ಸೇರಿ ನಾಲ್ವರು ಎತ್ತಿದರು. ಹೊಸ್ತಿಲು ದಾಟುವಾಗ ಮಂಚ ಓರೆಯಾಯಿತು. ತೊಡೆಯೊಳಗೆ ಕಟಕ್ಕೆಂದಿತು. ನನ್ನ ಬಾಯಿಂದ ಬಂದ ಕೂಗಿಗೆ ಹುಸೇನಸಾಬ ಕಣ್ಣು ಮುಚ್ಚಿಕೊಂಡ. ಅವನಿಗೂ ಕೇಳಿತ್ತು. ಆದರೆ ಅವನು ಮಂಚ ಇಳಿಸಲಿಲ್ಲ, ಇಳಿಸು ಎಂದು ಹುಲಿಗೆವ್ವನೂ ಅನ್ನಲಿಲ್ಲ.

ಮರುದಿನ ಹಾಲಿನ ಹೊತ್ತಿಗೆ ಬಂತು. ಮೊದಲು ಎಮ್ಮೆಗಳು ಎದ್ದು ನಿಂತವು. ಆಮೇಲೆ ಮಂಚ ನನ್ನನ್ನು ಮೊರದಲ್ಲಿಟ್ಟು ಕೇರಿದ ಹಾಗೆ ಮಾಡಿತು. ನೋವಿನಲ್ಲೂ ನಾನು ಕಣ್ಣು ತೆರೆದೇ ಇದ್ದೆ. ಇಪ್ಪತ್ತೆರಡು ವರ್ಷ ಕಟ್ಟಿದ ಗೋಡೆಗಳು ಒಂದರ ಹಿಂದೊಂದು ಮೊಣಕಾಲೂರಿ ಕೂತವು. ಮಾಳಿಗೆಗಳು ಒಳಗೆ ಇಳಿದವು. ಧೂಳು ಎದ್ದು ಊರು ಕಾಣದಂತಾಯಿತು. ಧೂಳು ಇಳಿದ ಮೇಲೂ ಕಾಣಲಿಲ್ಲ. ಮಾಸ್ತರರು ಶಾಲೆಯ ಹಾಜರಿ ಕರೆಯುವಂತೆ ಮನೆಮನೆಯ ಹೆಸರು ಕರೆದರು. ಚಿಲಿಯವರು, ಜಪಾನಿನವರು, ಟರ್ಕಿಯವರು, ಎಲ್ಲರೂ ಓಗೊಟ್ಟರು. ಒಂದು ಕೋಳಿಯೂ ಒಳಗೆ ಉಳಿದಿರಲಿಲ್ಲ. ಹುಲಿಗೆವ್ವ ನನ್ನ ಎದೆಯ ಮೇಲೆ ತಲೆಯಿಟ್ಟು ದೊಡ್ಡ ದನಿಯಲ್ಲಿ ಅತ್ತಳು.

ಅಂದು ಸಂಜೆ ಮಾಸ್ತರರು ರೇಡಿಯೊ ಹಚ್ಚಿದರು. ಇಡೀ ಊರು ಸುತ್ತ ಕೂತಿತ್ತು. ಬೇರೆ ದೇಶಗಳ ಸುದ್ದಿ ಎಲ್ಲಾ ಮುಗಿದ ಮೇಲೆ ಕೊನೆಯಲ್ಲಿ ಒಂದೇ ವಾಕ್ಯ ಬಂತು. ಬೆಳಿಗ್ಗೆ ಭಾರೀ ಭೂಕಂಪವೊಂದು ದಾಖಲಾಗಿದೆ, ಅದು ಸಂಭವಿಸಿದ ಪ್ರದೇಶದಲ್ಲಿ ಜನವಸತಿ ಇಲ್ಲ, ಪ್ರಾಣಹಾನಿ ಆಗಿಲ್ಲ.  "ಹಂಗಾರ ನಾವ್ಯಾರು?" ಎಂದಳು ತುಳಜವ್ವ. ಬಯಲೆಲ್ಲ ನಗೆಯಲ್ಲಿ ಮುಳುಗಿತು. ನಕ್ಕು ನಕ್ಕು ಕೆಲವರು ಅಳುತ್ತಿದ್ದರು.

ನನ್ನ ಕಾಲು ಡೊಂಕಾಗಿಯೇ ಕೂಡಿತು. ಕೋಲು ಇಲ್ಲದೆ ನಡೆಯಲಾರೆ. ಈಗ ಕೂತಲ್ಲಿಂದಲೇ ಹೇಳುತ್ತೇನೆ, ಹುಡುಗರು ಕಟ್ಟುತ್ತಾರೆ. ಗೋಡೆ ಗಿಡ್ಡ, ಮಾಳಿಗೆಗೆ ಮಣ್ಣಿಲ್ಲ, ಹುಲ್ಲು. ಆದರೆ ನಾನು ಹೇಳಬೇಕೆಂದದ್ದು ಅದಲ್ಲ, ಆ ವಾರ್ತೆಯ ಮರುದಿನದ ಸಂಗತಿ. ಹುಲಿಗೆವ್ವ ನಮ್ಮ ಬಟ್ಟಲನ್ನು ಬೂದಿ ಹಾಕಿ ತಿಕ್ಕಿ, ನೀರು ತುಂಬಿ, ಮಂಚದ ಪಕ್ಕದಲ್ಲಿ ಬರಿ ನೆಲದ ಮೇಲೆ ಇಟ್ಟಿದ್ದಳು. ಸಂಜೆಯ ಮುಂಚೆ ಅದು ತುಳುಕಿತು. ಪಕ್ಕದವರ ಬಟ್ಟಲುಗಳನ್ನು ನೋಡಿದೆವು, ಅವು ಸುಮ್ಮನಿದ್ದವು. ನಮ್ಮದೊಂದೇ. ಎಲ್ಲೋ, ಯಾರದೋ.

ಹೊರಗೆ ಬರೋಣವೆಂದರೆ ನಾವು ಹೊರಗೇ ಇದ್ದೆವು. ನಮಗೆ ಮನೆಯೇ ಇರಲಿಲ್ಲ.  ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಚದ ಕಾಲು ಹಿಡಿದು, ಒಬ್ಬಳೇ, ಅದನ್ನು ಒಂದು ಮಾರು ಆಚೆಗೆ ಎಳೆದಳು.

"ಅಯ್ಯಯ್ಯೋ, ಕಾಲು!" ಎಂದೆ.

"ನೋವಾತೇನರಿ?"

"ನೋವಾತು."

"ಸ್ವಲ್ಪ ತಡಕೋರಿ" ಎಂದು ಇನ್ನೂ ಒಂದು ಮಾರು ಎಳೆದಳು. "ಅಲ್ಲಿ ಯಾರರ ಇನ್ನ ಒಳಗ ಇದ್ದಾರು."